ಎಲ್ಲದಕ್ಕೂ ‘ಆಯ್ತು, ಆಯ್ತು’: ಮೂವತ್ತಾರಕ್ಕೇ ಲಕ್ವ ಹೊಡೆದು ಮಾತು ನಿಂತಾಗ

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ನಮ್ಮ ಯಜಮಾನರಿಗೆ 36 ವರ್ಷ. ಪಂಪ್‌ಸೆಟ್ ಮೋಟರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಏಳು ತಿಂಗಳ ಹಿಂದೆ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಬಲಗೈ ಜೋತುಬಿತ್ತು, ಬಾಯಿ ವಾರೆಯಾಯಿತು, ಮಾತು ನಿಂತಿತು. ಬಿಪಿ, ಶುಗರ್ ಏನೂ ಇರಲಿಲ್ಲ. ಕುತ್ತಿಗೆಯ ಎಡಭಾಗದ ರಕ್ತನಾಳದ ಒಳಪದರ ಹರಿದು, ಅಲ್ಲಿಂದ ಹೆಪ್ಪು ಮೆದುಳಿಗೆ ಹೋಗಿದೆ ಅಂದರು. ಈಗ ಕೋಲಿಲ್ಲದೆ ನಡೆಯುತ್ತಾರೆ, ಬಲಗೈ ಬೆರಳು ಮಾತ್ರ ಸರಿಯಾಗಿ ಮಡಚುವುದಿಲ್ಲ. ಮಾತು ಬಂದಿಲ್ಲ. ಏನು ಕೇಳಿದರೂ ‘ಆಯ್ತು, ಆಯ್ತು’. ಸಿಟ್ಟು ಬಂದರೆ ಬೈಗುಳ ಸ್ಪಷ್ಟವಾಗಿ ಬರುತ್ತದೆ, ಭಜನೆ ಹಾಕಿದರೆ ಜೊತೆಗೆ ಹಾಡುತ್ತಾರೆ. ಅದನ್ನು ನೋಡಿ ನಮ್ಮತ್ತೆ ‘ಬೇಕಂತಲೇ ಮಾತಾಡಲ್ಲ’ ಅನ್ನುತ್ತಾರೆ. ನನ್ನನ್ನು ಮಗಳ ಹೆಸರಿನಿಂದ ಕರೆಯುತ್ತಾರೆ, ಬೇಡದ್ದಕ್ಕೂ ಹೌದು ಅನ್ನುತ್ತಾರೆ. ಬುದ್ಧಿಗೂ ಏನಾದರೂ ಆಗಿದೆಯಾ? ಮೊನ್ನೆ ಪಕ್ಕದ ಮನೆಯವರ ಮೋಟರ್ ಕೆಟ್ಟಾಗ ಇವರೇ ಎಡಗೈಯಲ್ಲಿ ಮುಚ್ಚಳ ಬಿಚ್ಚಿ ಕೆಪಾಸಿಟರ್ ತೋರಿಸಿದರು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ಇನ್ನು ಮೇಲೆ ಒಂದೇ ಭಾಷೆಯಲ್ಲಿ ಮಾತಾಡಿಸಿ ಎಂದು ಕೆಲವರ ಸಲಹೆ. ಆರು ತಿಂಗಳಲ್ಲಿ ಬಂದಷ್ಟೇ ಮಾತು ಅಂತಲೂ ಹೇಳುತ್ತಾರೆ. ಒಬ್ಬರು ನಾಟಿ ಔಷಧಿಗೆ ಕರೆಯುತ್ತಿದ್ದಾರೆ, ಇನ್ನೊಬ್ಬರು ಸ್ಟೆಮ್ ಸೆಲ್‌ಗೆ ಮೂರು ಲಕ್ಷ ಹೊಂದಿಸಿ ಅನ್ನುತ್ತಾರೆ. ಏಳು ತಿಂಗಳಿಂದ ಮುಚ್ಚಿದ ಅಂಗಡಿಗೆ ಬಾಡಿಗೆ ಕಟ್ಟುತ್ತಿದ್ದೇವೆ. ಬಿಟ್ಟುಕೊಡೋಣವಾ, ಮಾತು ಬರುವವರೆಗೆ ಕಾಯೋಣವಾ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ನನ್ನ ಕಣ್ಣು ನಿಂತದ್ದು ಮಾತ್ರ ಪ್ರಶ್ನೆಯೇ ಅಲ್ಲದ ಒಂದು ಸಾಲಿನ ಮೇಲೆ. ಪಕ್ಕದ ಮನೆಯ ಮೋಟರಿನ ಸಂಗತಿಯನ್ನು ನೀವು ಹೋಗ್ತಾ ಹೋಗ್ತಾ ಬರೆದುಬಿಟ್ಟಿದ್ದೀರಿ. ಮಾತಿನ ಚಿಕಿತ್ಸೆ (ಸ್ಪೀಚ್ ಥೆರಪಿ) ಮಾಡುವ ನನ್ನಂಥವಳಿಗೆ ಅದು ಸ್ಕ್ಯಾನ್ ವರದಿಗಿಂತ ಹೆಚ್ಚು ಹೇಳುತ್ತದೆ. ತಿರುಗದ ಮೋಟರನ್ನು ನೋಡಿ, ಏನಾಗಿರಬಹುದೆಂದು ಯೋಚಿಸಿ, ಮುಚ್ಚಳ ಬಿಚ್ಚಿ, ಇದೇ ಕೆಟ್ಟಿರುವುದು ಎಂದು ತೋರಿಸಬೇಕಾದರೆ ನೆನಪು, ಗಮನ, ತರ್ಕ ಮೂರೂ ನೆಟ್ಟಗಿರಬೇಕು. ಬುದ್ಧಿ ಹೋಗಿದೆಯಾ ಎಂಬ ನಿಮ್ಮ ಭಯಕ್ಕೆ ನಿಮ್ಮ ಯಜಮಾನರೇ ಉತ್ತರ ಕೊಟ್ಟಾಗಿದೆ.

ಅವರಿಗೆ ಆಗಿರುವುದನ್ನು ಅಫೇಸಿಯಾ ಎನ್ನುತ್ತೇವೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮೆದುಳಿನ ಎಡಭಾಗದಲ್ಲಿ ನಡೆಯುತ್ತದೆ, ದೇಹದ ಬಲಭಾಗವನ್ನು ಆಡಿಸುವುದೂ ಅದೇ ಎಡಭಾಗ. ಬಲಗೈ ಮತ್ತು ಮಾತು ಒಟ್ಟಿಗೆ ಹೋದದ್ದು ಅದಕ್ಕೇ. ಲಕ್ವ (ಸ್ಟ್ರೋಕ್) ಹೊಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಈ ತೊಂದರೆ ಕಾಣಿಸುತ್ತದೆ. ಹೇಳಬೇಕಾದದ್ದು ಮನಸ್ಸಿನಲ್ಲಿರುತ್ತದೆ; ಅದಕ್ಕೆ ತಕ್ಕ ಪದ ಹುಡುಕಿ, ಪ್ರತ್ಯಯ ಜೋಡಿಸಿ, ಬಾಯಿಗೆ ಕಳಿಸುವ ದಾರಿ ಮುರಿದಿರುತ್ತದೆ. ನಾಲಿಗೆಗೆ ಏನೂ ಆಗಿರುವುದಿಲ್ಲ. ಆದ್ದರಿಂದ ಬಜೆ ತೇಯ್ದು ನಾಲಿಗೆಗೆ ಸವರುವುದು, ಜೇನು ಹಚ್ಚಿ ತಿಕ್ಕುವುದು ಇವುಗಳಿಂದ ನಾಲಿಗೆ ಉರಿಯಬಹುದೇ ಹೊರತು ಪದ ಹುಟ್ಟುವುದಿಲ್ಲ. ನಾಲಿಗೆ ಮತ್ತು ತುಟಿಯ ಸ್ನಾಯು ಸೋತು ಮಾತು ತೊದಲುವುದು ಬೇರೆಯದೇ ತೊಂದರೆ, ಅದರ ಚಿಕಿತ್ಸೆಯೂ ಬೇರೆ. ಭಜನೆ ಸ್ಪಷ್ಟವಾಗಿ ಹಾಡುವವರಿಗೆ ಅದು ದೊಡ್ಡ ಪ್ರಮಾಣದಲ್ಲಿ ಇರಲಾರದು.

ಈಗ ನಿಮ್ಮತ್ತೆಯವರ ಆರೋಪಕ್ಕೆ ಬರೋಣ. ಬೈಯಲು ಬರುತ್ತದೆ, ನೀರು ಕೇಳಲು ಬರುವುದಿಲ್ಲ ಅಂದರೆ ಯಾರಿಗಾದರೂ ಅನುಮಾನ ಬರುವಂಥದ್ದೇ. ಆದರೆ ಈ ವಿಚಿತ್ರ ಹೊಸದಲ್ಲ. 1861ರಲ್ಲಿ ಪ್ಯಾರಿಸ್‌ನ ಪಾಲ್ ಬ್ರೋಕಾ ಎಂಬ ವೈದ್ಯರ ಮುಂದೆ ಲೆಬೋರ್ನ್ ಎಂಬ ರೋಗಿಯನ್ನು ತಂದರು. ಅವನ ಮಾತು ಹೋದದ್ದು ಮೂವತ್ತರ ಪ್ರಾಯದಲ್ಲಿ. ಆಮೇಲೆ ಇಪ್ಪತ್ತೊಂದು ವರ್ಷ ಆಸ್ಪತ್ರೆಯಲ್ಲೇ ಕಳೆದ. ಏನು ಕೇಳಿದರೂ ‘ತಾನ್, ತಾನ್’ ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅವನ ಹೆಸರೇ ತಾನ್ ಆಗಿಹೋಗಿತ್ತು. ಹೇಳಿದ್ದು ಎದುರಿನವರಿಗೆ ತಿಳಿಯದೆ ಸಿಟ್ಟು ಏರಿದಾಗ ಮಾತ್ರ ಒಂದು ಬೈಗುಳ ಪೂರ್ತಿಯಾಗಿ ಹೊರಬರುತ್ತಿತ್ತಂತೆ. ಅವನು ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿದ ಬ್ರೋಕಾ, ಎಡಭಾಗದ ಮುಂದಿನ ಒಂದು ಜಾಗ ಹಾಳಾಗಿರುವುದನ್ನು ತೋರಿಸಿದರು. ಆ ಜಾಗವನ್ನು ನಾವು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತೇವೆ.

ಬೈಗುಳ, ಎಣಿಕೆ, ಮಗ್ಗಿ, ವಾರದ ಹೆಸರು, ಬಾಯಿಪಾಠದ ಶ್ಲೋಕ ಇವೆಲ್ಲ ಯೋಚಿಸಿ ಕಟ್ಟಿದ ಮಾತುಗಳಲ್ಲ, ಸಾವಿರ ಸಲ ಉರುಳಿ ನುಣುಪಾದವು. ಹಾಡಿಗೆ ಮೆದುಳಿನ ಬಲಭಾಗದ ನೆರವೂ ಇರುತ್ತದೆ. ‘ನೀರು ಕೊಡು’ ಎನ್ನುವುದು ನಮಗೆ ಸುಲಭ ಅನ್ನಿಸಿದರೂ ಆ ಕ್ಷಣಕ್ಕೆಂದೇ ಹೊಸದಾಗಿ ಕಟ್ಟಬೇಕಾದ ಮಾತು. ನಿಮ್ಮ ಯಜಮಾನರ ‘ಆಯ್ತು’ ಕೂಡ ಲೆಬೋರ್ನನ ‘ತಾನ್’ ಇದ್ದಂತೆ. ಅದು ಒಪ್ಪಿಗೆಯ ಮಾತಲ್ಲ, ಆ ಒಂದೇ ಪದಕ್ಕೆ ಬಾಗಿಲು ತೆರೆದಿದೆ, ಅಷ್ಟೇ. ಅದನ್ನು ಒಪ್ಪಿಗೆಯೆಂದು ತಿಳಿದು ಮನೆಯಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಂಥವರ ಕೈಯಲ್ಲಿ ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದ ಬಂಧುಗಳನ್ನು ನಾನು ಕಂಡಿದ್ದೇನೆ. ಅವರ ವಾದ ಎರಡು ನಾಲಿಗೆಯದು: ಒಮ್ಮೆ ‘ಅವನೇ ಆಯ್ತು ಅಂದ’, ಇನ್ನೊಮ್ಮೆ ‘ಅವನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ’. ಎರಡೂ ಸುಳ್ಳು.

ಹೌದು, ಇಲ್ಲ ಅದಲುಬದಲಾಗುವುದೂ ಈ ಕಾಯಿಲೆಯದೇ ಭಾಗ, ಮತ್ತು ಅದರಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಒಂದು ನಿರಾಕರಣೆಗೆ ನಮ್ಮಲ್ಲಿ ಇಲ್ಲ, ಅಲ್ಲ, ಬೇಡ ಎಂದು ಮೂರು ಪದ. ಅದರ ಮೇಲೆ ‘ಊಟ ಆಗಿಲ್ವಾ?’ ಎಂದು ಕೇಳುವ ಅಭ್ಯಾಸ. ಅದಕ್ಕೆ ‘ಹೌದು’ ಅಂದರೆ ಆಗಿದೆ ಅಂತಲೋ, ಆಗಿಲ್ಲ ಅಂತಲೋ? ಮಾತು ಸರಿಯಿರುವ ನಮಗೇ ಗೊಂದಲ. ‘ಊಟ ಆಯ್ತಾ?’ ಎಂದು ನೇರವಾಗಿ ಕೇಳಿ. ‘ಬೇಕು’, ‘ಬೇಡ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಎರಡು ಚೀಟಿ ಮುಂದಿಡಿ. ಬಾಯಿ ಒಂದು ಹೇಳಿ ಬೆರಳು ಇನ್ನೊಂದು ತೋರಿಸಿದರೆ ಬೆರಳನ್ನು ನಂಬಿ, ‘ಬೇಡ ಅಂತ, ಅಲ್ವಾ?’ ಎಂದು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ನಿಮ್ಮನ್ನು ಮಗಳ ಹೆಸರಿನಿಂದ ಕರೆಯುವುದೂ ಹಾಗೆಯೇ. ಮೆದುಳು ಸರಿಯಾದ ಗೂಡಿಗೇ ಕೈ ಹಾಕಿದೆ, ಪಕ್ಕದ ಹೆಸರು ಸಿಕ್ಕಿದೆ. ನಿಮ್ಮನ್ನು ಎಮ್ಮೆ ಎಂದು ಕರೆದಿದ್ದರೆ ನಾನು ಯೋಚಿಸಬೇಕಿತ್ತು. (ಸಿಟ್ಟಿನಲ್ಲಿ ಕರೆದಿದ್ದರೆ ಅದು ಲೆಕ್ಕಕ್ಕಿಲ್ಲ.)

ಮುಂದೆ ಪದಗಳು ಒಂದೊಂದಾಗಿ ಬರಲು ಶುರುವಾದಾಗ ಇನ್ನೊಂದು ಕಾಣಿಸುತ್ತದೆ, ಈಗಲೇ ತಿಳಿದಿರಲಿ. ಮೊದಲು ಬರುವುದು ಬರೀ ಪದ, ಪ್ರತ್ಯಯ ಆಮೇಲೆ. ‘ಅಂಗಡಿ... ಬೀಗ... ನಾನು’ ಅನ್ನುತ್ತಾರೆ. ಕ್ರಿಯಾಪದ ಬಂದರೂ ‘ಬಾ’, ‘ಹೋಗು’, ‘ಕೊಡು’ ಎಂದು ಬರಿಗಾಲಲ್ಲಿ ಬರುತ್ತದೆ. ‘ಬನ್ನಿ’, ‘ಕೊಡಿ’ ಅನ್ನಲು ಬೇಕಾದ ಬಾಲ ಸಿಕ್ಕಿರುವುದಿಲ್ಲ. ತೆಲುಗಿನಲ್ಲೂ ಹೀಗೇ. ಅಳಿಯ ತನಗೆ ‘ಬಾ’ ಅಂದ ಎಂದು ಮಾವನೊಬ್ಬರು ಮೂರು ತಿಂಗಳು ಮನೆಗೆ ಕಾಲಿಡದಿದ್ದ ಪ್ರಸಂಗವನ್ನು ನಾನೇ ಕೂತು ಬಿಡಿಸಿದ್ದೇನೆ. ಮನೆಯ ಹಿರಿಯರಿಗೆ ಮೊದಲೇ ಹೇಳಿಟ್ಟಿರಿ: ಅದು ಮರ್ಯಾದೆ ಕೆಟ್ಟದ್ದಲ್ಲ, ವ್ಯಾಕರಣ ಇನ್ನೂ ವಾಪಸ್ಸಾಗಿಲ್ಲ.

ಬರುತ್ತದೆಯೇ ಎನ್ನುವುದೇ ನಿಮ್ಮ ಮೂಲ ಪ್ರಶ್ನೆ. ‘ಆರು ತಿಂಗಳು’ ಎಂಬುದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಇಷ್ಟು ಹಾನಿ ಮಾಡುವುದು. ಹೆಪ್ಪು ಸಿಕ್ಕಿಕೊಂಡ ಜಾಗದ ಸುತ್ತಲಿನ ಭಾಗ ಸತ್ತಿರುವುದಿಲ್ಲ, ಊತದಿಂದಲೂ ರಕ್ತದ ಕೊರತೆಯಿಂದಲೂ ಮಂಕಾಗಿರುತ್ತದೆ. ಮೊದಲ ವಾರಗಳಲ್ಲಿ, ತಿಂಗಳುಗಳಲ್ಲಿ ಅದು ತಾನಾಗಿ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಮೊದಲ ಮೂರು ತಿಂಗಳ ಸುಧಾರಣೆ ಕಣ್ಣಿಗೆ ಹೊಡೆಯುವಂತಿರುತ್ತದೆ, ಆಮೇಲೆ ವೇಗ ಇಳಿಯುತ್ತದೆ. ಇಳಿಯುವುದು ವೇಗ, ದಾರಿ ಮುಚ್ಚುವುದಿಲ್ಲ. ಅಲ್ಲಿಂದ ಮುಂದೆ ಉಳಿದ ಭಾಗಗಳು ಹೊಸ ಕೆಲಸ ಕಲಿಯಬೇಕು, ಕಲಿಸಿದರೆ ಮಾತ್ರ ಕಲಿಯುತ್ತವೆ. ಜರ್ಮನಿಯ ಹತ್ತೊಂಬತ್ತು ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಲಕ್ವ ಹೊಡೆದು ಕನಿಷ್ಠ ಆರು ತಿಂಗಳಾಗಿದ್ದ, ಎಪ್ಪತ್ತರೊಳಗಿನ 158 ಮಂದಿಯನ್ನು ತೆಗೆದುಕೊಂಡರು. ವಾರಕ್ಕೆ ಕನಿಷ್ಠ ಹತ್ತು ಗಂಟೆಯಂತೆ ಮೂರು ವಾರ ಬಿಗಿಯಾಗಿ ಸ್ಪೀಚ್ ಥೆರಪಿ ಕೊಟ್ಟವರ ದಿನಬಳಕೆಯ ಸಂವಹನ ಸುಧಾರಿಸಿತು. ಅಷ್ಟೇ ಅವಧಿ ಸರದಿಗಾಗಿ ಕಾದವರಲ್ಲಿ ಸುಧಾರಣೆ ಕಾಣಲಿಲ್ಲ. ಯಾರೂ ಮೂರು ವಾರದಲ್ಲಿ ಪೂರ್ತಿ ಗುಣವಾಗಲಿಲ್ಲ, ಅದನ್ನೂ ಹೇಳಬೇಕು. ಆದರೆ ‘ಆರು ತಿಂಗಳು ದಾಟಿದವರಿಗೆ ಥೆರಪಿ ದಂಡ’ ಎನ್ನುವವರಿಗೆ ಇಷ್ಟು ಸಾಕು.

ನಿಮ್ಮವರ ವಿಷಯದಲ್ಲಿ ನನ್ನ ಅಂದಾಜು, ನೋಡದೆ ಹೇಳುತ್ತಿರುವುದರಿಂದ ಅಂದಾಜು ಮಾತ್ರ. ವಯಸ್ಸು ಅನುಕೂಲವೇ, ಆದರೆ ಜನ ತಿಳಿದಷ್ಟಲ್ಲ. ಗಾಯ ಎಷ್ಟು ದೊಡ್ಡದು, ಎಲ್ಲಿದೆ, ಶುರುವಿನಲ್ಲಿ ತೊಂದರೆ ಎಷ್ಟಿತ್ತು ಎನ್ನುವುದು ವಯಸ್ಸಿಗಿಂತ ಹೆಚ್ಚು ತೂಕದ ಸಂಗತಿ. ನೀವು ಹೇಳಿದ್ದು ಅವರಿಗೆ ಅರ್ಥವಾಗುತ್ತಿರುವ ಹಾಗಿದೆ, ತಪ್ಪಾದಾಗ ಸಿಟ್ಟೂ ಬರುತ್ತಿದೆ. ತನ್ನ ತಪ್ಪು ತನಗೆ ಗೊತ್ತಾಗುವವರು ಬೇಗ ಕಲಿಯುತ್ತಾರೆ. ಮೊದಲಿನಂತೆ ಗಿರಾಕಿಗಳ ಜೊತೆ ಹರಟುವ ಮಾತು ಪೂರ್ತಿ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಕೆಲಸಕ್ಕೆ, ಮನೆಗೆ ಸಾಲುವಷ್ಟು ಮಾತು ಬರುತ್ತದೆಂದು ಆಸೆ ಇಟ್ಟುಕೊಳ್ಳಬಹುದು. ಅದು ತಿಂಗಳಲ್ಲಿ ಅಲ್ಲ, ವರ್ಷಗಳಲ್ಲಿ.

‘ಬಿಪಿ, ಶುಗರ್ ಏನೂ ಇರಲಿಲ್ಲ’ ಎಂದು ಬರೆದಿದ್ದೀರಿ. ಅರವತ್ತು ದಾಟಿದವರ ಲಕ್ವಕ್ಕೂ ಮೂವತ್ತರವರದ್ದಕ್ಕೂ ಕಾರಣಗಳ ಪಟ್ಟಿ ಸ್ವಲ್ಪ ಬೇರೆ. ಬಿಪಿ, ತಂಬಾಕು ಕಿರಿಯರಲ್ಲೂ ಇವೆ. ಜೊತೆಗೆ ಕೀಲುವಾತದ ಜ್ವರದಿಂದ ಹಾಳಾದ ಹೃದಯದ ಕವಾಟ, ರಕ್ತ ಬೇಗ ಹೆಪ್ಪುಗಟ್ಟುವ ತೊಂದರೆಗಳು, ಹೆರಿಗೆಯ ನಂತರ ಮೆದುಳಿನ ಅಭಿಧಮನಿಯಲ್ಲಿ ಹೆಪ್ಪು (ಬಾಣಂತಿಗೆ ನೀರು ಕೊಡದೆ ಒಣಗಿಸುವ ಪದ್ಧತಿ ಇದ್ದರೆ ಅಪಾಯ ಇನ್ನೂ ಹೆಚ್ಚು), ಮತ್ತು ನಿಮ್ಮವರಿಗೆ ಆದಂತೆ ಕುತ್ತಿಗೆಯ ರಕ್ತನಾಳದ ಒಳಪದರ ಹರಿಯುವುದು. ಕುತ್ತಿಗೆಗೆ ಪೆಟ್ಟು, ಜೋರಾಗಿ ತಿರುಚುವುದು, ಭಾರ ಎತ್ತುವುದು, ಕೆಲವರಲ್ಲಿ ಏನೂ ಇಲ್ಲದೆಯೂ ಹರಿಯಬಹುದು. ಕ್ಷೌರದಂಗಡಿಯಲ್ಲಿ ಕತ್ತು ಹಿಡಿದು ನೆಟಿಗೆ ತೆಗೆಸುವ ಅಭ್ಯಾಸ ಅವರಿಗಿತ್ತೋ ಏನೋ, ನೀವು ಬರೆದಿಲ್ಲ. ಇದ್ದರೂ ಅದೇ ಕಾರಣವೆಂದು ಈಗ ಹೇಳಲಾಗದು, ಕ್ಷೌರಿಕನ ಜೊತೆ ಜಗಳಕ್ಕೂ ಹೋಗಬೇಡಿ. ಇನ್ನು ಮುಂದೆ ಮಾತ್ರ ಯಾರೂ ಆ ಕುತ್ತಿಗೆ ಮುಟ್ಟಬಾರದು: ಕ್ಷೌರದವರಾಗಲಿ, ಮಾಲೀಸಿನವರಾಗಲಿ, ಮೂಳೆ ಕೂರಿಸುವವರಾಗಲಿ.

ಅಲ್ಲಿಂದ ನೇರ ನಾಟಿ ಔಷಧಿಗೆ ಬರುತ್ತೇನೆ. ‘ಅವರ ಹತ್ತಿರ ಹೋದವರಿಗೆಲ್ಲ ವಾಸಿಯಾಗಿದೆ’ ಅನ್ನುವ ಮಾತು ಎಲ್ಲಿಂದ ಹುಟ್ಟುತ್ತದೆ ಗೊತ್ತೆ? ನಮ್ಮ ಕಡೆ ಮುಖ ವಾರೆಯಾದದ್ದಕ್ಕೆಲ್ಲ ಲಕ್ವ ಎಂದೇ ಹೆಸರು. ಆದರೆ ಮುಖದ ಒಂದು ನರ ಮಾತ್ರ ಊದಿಕೊಂಡು ಬಾಯಿ ವಾರೆಯಾಗುವ ಬೆಲ್ಸ್ ಪಾಲ್ಸಿ ಎಂಬುದು ಲಕ್ವವೇ ಅಲ್ಲ, ಅದಕ್ಕೂ ಮೆದುಳಿಗೂ ಸಂಬಂಧವಿಲ್ಲ. ಅದು ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಆ ವಾರಗಳಲ್ಲಿ ಯಾರು ಎಲೆ ಕಟ್ಟಿದ್ದರೋ, ಪಾರಿವಾಳದ ರಕ್ತ ಸವರಿದ್ದರೋ ಕೀರ್ತಿ ಅವರಿಗೆ. ಹತ್ತು ನಿಮಿಷ ಕೈ ಬಿದ್ದು ಮತ್ತೆ ಸರಿಹೋಗುವ ಸಣ್ಣ ಸ್ಟ್ರೋಕ್‌ನ ಕಥೆಯೂ ಇದೇ, ಮೊದಲ ಮೂರು ತಿಂಗಳ ಸಹಜ ಚೇತರಿಕೆಯ ಕಥೆಯೂ ಇದೇ. ನಾಟಿ ವೈದ್ಯರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ, ಎಷ್ಟೋ ಜನ ತಮ್ಮ ಔಷಧಿಯನ್ನು ತಾವೇ ನಂಬಿರುತ್ತಾರೆ. ಕೈಕಾಲಿಗೆ ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ನನ್ನ ತಕರಾರಿಲ್ಲ. ತಕರಾರು ಎರಡಕ್ಕೆ. ‘ಇಂಗ್ಲಿಷ್ ಮಾತ್ರೆ ನಿಲ್ಲಿಸಿ’ ಎಂದು ಅವರು ಹೇಳುವುದಕ್ಕೆ ಒಂದು: ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಡಾಕ್ಟರ್ ಹೇಳದೆ ಬಿಟ್ಟರೆ ಎರಡನೇ ಸ್ಟ್ರೋಕ್ ಬಾಗಿಲಲ್ಲೇ ನಿಂತಿರುತ್ತದೆ. ಬಾಯಿಗೆ ಕಷಾಯ ಸುರಿಯುವುದಕ್ಕೆ ಇನ್ನೊಂದು: ಲಕ್ವದವರಲ್ಲಿ ನುಂಗುವ ತಾಳ ತಪ್ಪಿರಬಹುದು, ದ್ರವ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನೀರು ಕುಡಿದಾಗ ಇವರಿಗೆ ಕೆಮ್ಮು ಬರುತ್ತಿದ್ದರೆ, ದನಿ ಗೊಳಗೊಳ ಅನ್ನಿಸಿದರೆ ಮೊದಲು ಅದನ್ನೇ ತೋರಿಸಿ.

ಸ್ಟೆಮ್ ಸೆಲ್ ವಿಷಯ ಚಿಕ್ಕದು. ಲಕ್ವಕ್ಕೆ ಸ್ಟೆಮ್ ಸೆಲ್ ಕೊಡುವುದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತದ ಕಾಯಿಲೆಗಳನ್ನು ಬಿಟ್ಟರೆ ಬೇರೆ ಯಾವುದಕ್ಕೂ ಅದನ್ನು ಒಪ್ಪಿತ ಚಿಕಿತ್ಸೆಯೆಂದು ಮಾರುವ ಹಾಗಿಲ್ಲ. ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು, ಹಾಗೆ ಕೊಡುವಾಗ ರೋಗಿಯಿಂದ ಹಣ ಕೇಳುವಂತಿಲ್ಲ. ನಿಮ್ಮಿಂದ ಮೂರು ಲಕ್ಷ ಕೇಳಿದರು ಎನ್ನುವುದೇ ಉತ್ತರ. ತಲೆಯ ಮೇಲೆ ಅಯಸ್ಕಾಂತ ಅಥವಾ ಸಣ್ಣ ವಿದ್ಯುತ್ತಿನ ಉಪಕರಣ ಇಟ್ಟು ಮಾಡುವ ಚಿಕಿತ್ಸೆಗಳ ಬಗ್ಗೆಯೂ ನಾಳೆ ಯಾರಾದರೂ ಹೇಳಬಹುದು. ಅವುಗಳಲ್ಲಿ ಸ್ವಲ್ಪ ಆಶಾದಾಯಕ ಫಲಿತಾಂಶಗಳಿವೆ, ಆದರೆ ಜೊತೆಗೆ ಸ್ಪೀಚ್ ಥೆರಪಿ ಕೊಟ್ಟಾಗ. ಥೆರಪಿಯ ಬದಲಿಗೆ ಅಲ್ಲ. ಆ ಮೂರು ಲಕ್ಷದಲ್ಲಿ ಎರಡು ವರ್ಷ ಥೆರಪಿಗೆ ಓಡಾಡಬಹುದು.

ಆ ಥೆರಪಿ ಹೇಗಿರಬೇಕು? ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಓದು ಮುಗಿಸಿ ಹೊರಬಂದ ವರ್ಷ ಒಬ್ಬ ರೈತರಿಗೆ ದಿನಾ ಚಿತ್ರದ ಕಾರ್ಡ್ ತೋರಿಸುತ್ತಿದ್ದೆ: ಛತ್ರಿ, ಆನೆ, ಗಡಿಯಾರ. ಹದಿನೈದನೇ ದಿನ ಅವರು ಕಾರ್ಡುಗಳನ್ನು ಎತ್ತಿ ಎಸೆದರು. ಮರುದಿನ ಅವರ ಹೆಂಡತಿ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದ ಅವರೆ, ಅಲಸಂದೆ, ಹುರುಳಿಯನ್ನು ಮೇಜಿನ ಮೇಲೆ ಸುರಿದೆವು. ‘ಆನೆ’ ಎನ್ನದ ಬಾಯಿ ಅವತ್ತು ‘ಹುರುಳಿ’ ಅಂದಿತು. ಆಮೇಲೆ ನಾನು ಯಾರಿಗೂ ಆನೆ ತೋರಿಸಿಲ್ಲ, ಮಾವುತರೊಬ್ಬರು ಬಂದಿದ್ದರೆ ತೋರಿಸುತ್ತಿದ್ದೆ.

ನಿಮ್ಮವರ ಪದಗಳು ಅಂಗಡಿಯಲ್ಲಿವೆ. ಬೇರಿಂಗ್, ಕಾಯಿಲ್, ಸ್ಟಾರ್ಟರ್, ಕೆಪಾಸಿಟರ್, ತಾಮ್ರದ ತಂತಿ. ಗಿರಾಕಿ ಜೊತೆ ಆಡುವ ಮಾತೂ ಬಹುಮಟ್ಟಿಗೆ ಗೊತ್ತಿರುವಂಥದ್ದೇ: ‘ಎಷ್ಟು ಎಚ್‌ಪಿ?’ ‘ಕಾಯಿಲ್ ಸುಟ್ಟಿದೆ.’ ‘ಎರಡು ದಿನ ಬಿಟ್ಟು ಬನ್ನಿ.’ ಇಂಥ ಎಂಟು ಹತ್ತು ವಾಕ್ಯ ಆರಿಸಿ. ನೀವು ಅಥವಾ ಅವರ ಸ್ನೇಹಿತರೊಬ್ಬರು ಒಂದೊಂದನ್ನೂ ನಿಧಾನವಾಗಿ ಹೇಳುವಾಗ ಬಾಯಿ ದೊಡ್ಡದಾಗಿ ಕಾಣುವಂತೆ ಮೊಬೈಲಿನಲ್ಲಿ ವಿಡಿಯೋ ಮಾಡಿ. ಅವರು ಅದನ್ನು ನೋಡುತ್ತಾ ಜೊತೆಜೊತೆಗೇ ಹೇಳಲಿ. ಕೇಳಿ ಆಮೇಲೆ ಹೇಳುವುದಲ್ಲ, ಒಟ್ಟಿಗೆ. ತಾನಾಗಿ ಒಂದು ಪದ ಹೊರಡದವರೂ ಹೀಗೆ ಒಟ್ಟಿಗೆ ಹೇಳಬಲ್ಲರು. ಭಜನೆ ಬರುವುದನ್ನೂ ಬಳಸಿಕೊಳ್ಳಬೇಕು, ಆದರೆ ಬರೀ ಭಜನೆ ಹಾಡಿಸಿದರೆ ಭಜನೆ ಚೆನ್ನಾಗುತ್ತದೆ, ಮಾತಲ್ಲ. ‘ನೀ-ರು ಬೇ-ಕು’ ಎಂದು ಎರಡು ಸ್ವರದಲ್ಲಿ ಏರಿಳಿಸಿ, ಎಡಗೈಯಿಂದ ತಾಳ ತಟ್ಟುತ್ತಾ ಹೇಳಿಸಿ, ಕ್ರಮೇಣ ರಾಗ ಇಳಿಸುತ್ತಾ ಸಾದಾ ಮಾತಿಗೆ ತರುವ ವಿಧಾನವೊಂದಿದೆ, 1970ರ ದಶಕದಿಂದ ಬಳಕೆಯಲ್ಲಿದೆ. ಎಲ್ಲರಿಗೂ ಒಗ್ಗುವುದಿಲ್ಲ. ಅರ್ಥ ಚೆನ್ನಾಗಿ ಆಗುತ್ತಿದ್ದು ಮಾತು ಮಾತ್ರ ಹೊರಡದ ಇಂಥವರಿಗೆ ಒಗ್ಗುವ ಸಾಧ್ಯತೆ ಹೆಚ್ಚು. ಥೆರಪಿಸ್ಟ್ ಹತ್ತಿರ ಕಲಿತು ಮಾಡಿ. ದಿನಕ್ಕೆ ಎರಡು ಸಲ, ಇಪ್ಪತ್ತೈದು ನಿಮಿಷ. ಬೆಳಗಿನ ಹೊತ್ತು ಒಳ್ಳೆಯದು, ಸಂಜೆಗೆ ಮೆದುಳು ದಣಿದಿರುತ್ತದೆ.

ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದೊಡ್ಡವರ ಅಫೇಸಿಯಾಕ್ಕೆಂದೇ ಕನ್ನಡದಲ್ಲಿ ಪರೀಕ್ಷೆಗಳೂ ಅಭ್ಯಾಸದ ಕೈಪಿಡಿಯೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೆ ವಿಭಾಗವಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ನಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್‌ಗಳು ಬರುತ್ತಿವೆ, ತುಮಕೂರಿನಲ್ಲಿ ಮೊದಲು ವಿಚಾರಿಸಿ. ಒಮ್ಮೆ ಹೋಗಿ ಪರೀಕ್ಷೆ ಮಾಡಿಸಿ, ಮನೆಯ ಅಭ್ಯಾಸ ಬರೆಸಿಕೊಂಡು, ಆಮೇಲೆ ಹದಿನೈದು ದಿನಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಮುಂದುವರಿಸುವುದು ಪಾವಗಡದಂಥ ದೂರದ ಊರಿನವರಿಗೆ ನಡೆಯುವ ದಾರಿ. ವಾರಕ್ಕೆ ಹತ್ತು ಗಂಟೆ ಕೊಡುವಷ್ಟು ಥೆರಪಿಸ್ಟ್‌ಗಳು ನಮ್ಮಲ್ಲಿಲ್ಲ. ಗಂಟೆಗಳು ಮನೆಯಿಂದಲೇ ಬರಬೇಕು.

ಹಾಗೆಂದು ಮನೆಯನ್ನು ಶಾಲೆ ಮಾಡಬೇಡಿ. ‘ನೀರು ಅಂತ ಹೇಳು, ಆಮೇಲೆ ಕೊಡ್ತೀನಿ’ ಎಂದು ಲೋಟ ಹಿಂದಕ್ಕೆ ಹಿಡಿಯುವ ಮನೆಗಳನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಾರೆ. ಮೂವತ್ತಾರು ವರ್ಷದ ಗಂಡಸಿಗೆ ಅದು ಅವಮಾನ. ನೀರು ಕೊಟ್ಟು, ‘ನೀರು’ ಎಂದು ನೀವು ಹೇಳಿ, ಸಾಕು. ಟಿವಿ ಆರಿಸಿ ಮಾತಾಡಿ. ಕಿವಿ ಸರಿಯಿದೆ, ಕೂಗಬೇಡಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಬಾಯಿ ಕಟ್ಟಿಕೊಳ್ಳಿ. ನಮ್ಮ ಜನರಿಗೆ ಇದೇ ಅತಿ ಕಷ್ಟದ್ದು. ಆಗಲೂ ಬರದಿದ್ದರೆ ಮೊದಲ ಅಕ್ಷರ ಹೇಳಿಕೊಡಿ, ಇಲ್ಲವೇ ಎರಡು ಆಯ್ಕೆ ಕೊಡಿ. ಚಿತ್ರ ಬರೆದರೂ, ಸನ್ನೆ ಮಾಡಿದರೂ, ಮೊಬೈಲಿನ ಫೋಟೋ ತೋರಿಸಿದರೂ ಅದು ಮಾತೇ. ಸನ್ನೆ ಅಭ್ಯಾಸವಾದರೆ ಸೋಮಾರಿಯಾಗಿ ಮಾತು ಬಿಟ್ಟುಬಿಡುತ್ತಾರೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಭಾಷೆಯ ಪ್ರಶ್ನೆಗೆ ಉತ್ತರ: ಎರಡೂ ಇರಲಿ. ಎರಡು ಭಾಷೆ ಬಲ್ಲವರಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೇ ಚೇತರಿಸುತ್ತವೆ, ಕೆಲವರಲ್ಲಿ ಒಂದು ಮುಂದೆ ಓಡುತ್ತದೆ. ತಾಯಿ ಜೊತೆ ತೆಲುಗು, ಗಿರಾಕಿ ಜೊತೆ ಕನ್ನಡ ಎಂದು ಮೂವತ್ತು ವರ್ಷ ಬದುಕಿದ ಮೆದುಳಿಗೆ ಒಂದನ್ನು ನಿಷೇಧಿಸಿದರೆ ಅರ್ಧ ಬದುಕಿನ ಬಾಗಿಲು ಮುಚ್ಚಿದ ಹಾಗೆ. ಒಂದೇ ವಾಕ್ಯದಲ್ಲಿ ಎರಡೂ ಬೆರೆತರೆ ತಿದ್ದಬೇಡಿ. ಪಾವಗಡದಲ್ಲಿ ಲಕ್ವ ಹೊಡೆಯದವರು ಮಾತಾಡುವುದೂ ಹಾಗೇ ಅಲ್ಲವೇ?

ಈಗ ಅಂಗಡಿ. ಮಾತು ಬರುವವರೆಗೆ ಕಾಯೋಣವಾ ಎಂದು ಕೇಳಿದ್ದೀರಿ. ಇಷ್ಟು ವರ್ಷದ ಅನುಭವದಲ್ಲಿ ನನಗೆ ಖಚಿತವಾಗಿರುವುದು ಇದೊಂದೇ: ಕಾಯಬಾರದು. ಮಾತು ಬಂದ ಮೇಲೆ ಬದುಕು ಎಂದು ಕೂತ ಮನೆಗಳಲ್ಲಿ ಎರಡೂ ಬರುವುದು ತಡವಾಗುತ್ತದೆ. ಆಡಲು ಏನೂ ಇಲ್ಲದ, ಯಾರೂ ಬಾರದ, ಮಂಚ-ಟಿವಿಯ ದಿನದಲ್ಲಿ ಮಾತಿಗೆ ಕೆಲಸವೇ ಇರುವುದಿಲ್ಲ. ಕಿರಿಯ ವಯಸ್ಸಿನ ಲಕ್ವದಲ್ಲಿ ಈ ನಷ್ಟ ದೊಡ್ಡದು, ಏಕೆಂದರೆ ಮುಂದೆ ಮೂವತ್ತು ವರ್ಷದ ದುಡಿಮೆ ಇದೆ. ಬಾಡಿಗೆ ಕಟ್ಟಲು ಶಕ್ತಿಯಿರುವವರೆಗೆ ಅಂಗಡಿ ಬಿಡಬೇಡಿ. ಬಾಡಿಗೆಯೇ ಹೊರೆಯಾದರೆ ಕೆಲಸ ಬಲ್ಲ ಹುಡುಗನೊಬ್ಬನನ್ನು ಪಾಲಿಗೆ ಸೇರಿಸಿಕೊಳ್ಳಿ: ಕೈ ಅವನದು, ಕಣ್ಣು ಇವರದು. ದೋಷ ಪತ್ತೆ ಮಾಡುವುದು ಇವರ ಕೆಲಸ. ಹಣದ ಲೆಕ್ಕ ಸದ್ಯಕ್ಕೆ ನಿಮ್ಮ ಕೈಯಲ್ಲಿರಲಿ. ಅಫೇಸಿಯಾದಲ್ಲಿ ಸಂಖ್ಯೆಗಳೂ ಜಾರುತ್ತವೆ, ಐನೂರು ಐವತ್ತಾಗುತ್ತದೆ. ಬ್ಯಾಂಕಿನ ಸಹಿ ಬದಲಾಗಿದ್ದರೆ ಬ್ಯಾಂಕಿಗೆ ಅವರನ್ನೇ ಕರೆದುಕೊಂಡು ಹೋಗಿ ಎಡಗೈ ಸಹಿ ದಾಖಲಿಸಿ.

ಕೆಲವು ಎಚ್ಚರಗಳಿವೆ. ಬಲಗೈಯಲ್ಲಿ ಬಿಸಿ, ಶಾಕ್ ತಿಳಿಯುವಷ್ಟು ಸ್ಪರ್ಶ ಇದೆಯೇ ಎಂದು ಪರೀಕ್ಷೆಯಾಗದೆ ಕರೆಂಟ್ ಇರುವ ತಂತಿಗೆ ಕೈ ಹಾಕುವುದು ಬೇಡ. ಬೋರ್‌ವೆಲ್‌ನಿಂದ ಮೋಟರ್ ಎತ್ತುವ ಕೆಲಸ, ಹೆಗಲ ಮೇಲೆ ಭಾರ ಇಡುವುದು ಕುತ್ತಿಗೆಯ ರಕ್ತನಾಳ ಮಾಗಿದೆಯೆಂದು ನರರೋಗ ತಜ್ಞರು ಸ್ಕ್ಯಾನ್ ನೋಡಿ ಹೇಳುವವರೆಗೆ ಇಲ್ಲ. ಬೈಕ್ ಓಡಿಸುವುದೂ ಆ ತಜ್ಞರನ್ನು ಕೇಳಿಯೇ, ಲಕ್ವದ ನಂತರ ಕೆಲವರಿಗೆ ಫಿಟ್ಸ್ ಬರುವುದುಂಟು. ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ. ಈ ಕಾಯಿಲೆಯ ದಣಿವು ನೋಡುವವರಿಗೆ ಕಾಣುವುದಿಲ್ಲ.

ದಣಿವಿಗಿಂತ ಆಳದ್ದೂ ಒಂದಿದೆ. ಲಕ್ವದ ನಂತರ ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಮಾತಿಲ್ಲದವರು ಅದನ್ನು ಹೇಳಿಕೊಳ್ಳಲೂ ಆರರು. ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಅಭ್ಯಾಸಕ್ಕೆ ಕರೆದಾಗ ಗೋಡೆಗೆ ಮುಖ ಮಾಡಿದರೆ ಅದನ್ನು ಮೊಂಡುತನ ಅಂದುಕೊಳ್ಳದೆ ಡಾಕ್ಟರಿಗೆ ಹೇಳಿ. ಮಾತ್ರೆಯಿದೆ, ಕೆಲಸ ಮಾಡುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ (14416) ನೀವೂ ಕರೆ ಮಾಡಬಹುದು, ನಿಮ್ಮ ಸಲುವಾಗಿಯೇ. ಇಷ್ಟುದ್ದದ ಪತ್ರದಲ್ಲಿ ನಿಮ್ಮ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಗಂಡ ಹೆಂಡತಿಯರಾಗಿ ಹತ್ತಿರವಾಗಲು ಹೆದರಿಕೆ ಇದ್ದರೆ ಅದನ್ನೂ ಡಾಕ್ಟರ ಹತ್ತಿರ ಕೇಳಿಬಿಡಿ. ಸ್ಥಿತಿ ಸ್ಥಿರವಾದವರಿಗೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ, ಕೇಳಲು ನಾಚಿ ವರ್ಷಗಟ್ಟಲೆ ದೂರ ಮಲಗಿದವರು ಬಹಳ.

ಕಾಗದಪತ್ರದ ಒಂದು ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತು-ಭಾಷೆಯ ಅಂಗವೈಕಲ್ಯದ ವ್ಯಾಖ್ಯೆಯಲ್ಲಿ ಅಫೇಸಿಯಾವನ್ನು ಹೆಸರಿಸಿಯೇ ಸೇರಿಸಿದೆ. ಕೈಯ ತೊಂದರೆಯನ್ನೂ ಸೇರಿಸಿ ಶೇ 40 ದಾಟಿದರೆ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಅಂಗವಿಕಲರ ಗುರುತಿನ ಕಾರ್ಡಿಗೆ (ಯುಡಿಐಡಿ) ಅರ್ಜಿ ಹಾಕಿ. ಇದನ್ನು ಓದುತ್ತಿರುವ ಸರ್ಕಾರಿ ನೌಕರರ ಮನೆಯವರಿಗೂ ಒಂದು ಮಾತು: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು ಎಂದು ಅದೇ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ಹೆದರಿ ರಾಜೀನಾಮೆ ಬರೆದುಕೊಟ್ಟು ಆಮೇಲೆ ನನ್ನ ಹತ್ತಿರ ಬಂದವರಿದ್ದಾರೆ.

ಮತ್ತೆ ಎಂದಾದರೂ ಹಠಾತ್ತಾಗಿ ಮುಖ ವಾರೆಯಾದರೆ, ಕೈ ಕಾಲು ಸೋತರೆ, ಈಗ ಬರುವ ‘ಆಯ್ತು’ ಕೂಡ ನಿಂತರೆ, ಎಣ್ಣೆ ಹಚ್ಚುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ, ಪಾವಗಡದಿಂದ ದಾರಿಗೇ ಅದರಲ್ಲಿ ಅರ್ಧ ಹೋಗಬಹುದು. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಈ ವಾರವೇ ತಿಳಿದಿಟ್ಟುಕೊಳ್ಳಿ.

ಸೋಮವಾರ ಶಟರ್ ಅರ್ಧ ಎತ್ತಿದರೂ ಸಾಕು. ಒಳಗೆ ಕೂತು ಹಳೆಯ ಸಾಮಾನು ಜೋಡಿಸಲಿ; ಪ್ರತಿ ಡಬ್ಬಿಯ ಮೇಲೆ ಹೆಸರು ಬರೆದು ಅಂಟಿಸುವುದು ಓದು, ಬರಹ, ಮಾತು ಮೂರರ ಅಭ್ಯಾಸವೂ ಆಗುತ್ತದೆ. ಬಾಗಿಲಲ್ಲಿ ಒಂದು ಬೋರ್ಡ್ ಇಡಿ, ಕನ್ನಡದಲ್ಲೂ ತೆಲುಗಿನಲ್ಲೂ: ‘ನನಗೆ ಸ್ಟ್ರೋಕ್ ಆಗಿದೆ. ನೀವು ಹೇಳಿದ್ದು ತಿಳಿಯುತ್ತದೆ. ಮಾತು ನಿಧಾನ, ಸ್ವಲ್ಪ ಕಾಯಿರಿ. ಮೋಟರ್ ರಿಪೇರಿ ಮಾಡಲಾಗುವುದು.’ ಬರೆಯುವ ಮುನ್ನ ಅವರಿಗೆ ಓದಿ ಹೇಳಿ, ಒಪ್ಪಿಗೆಯೇ ಎಂದು ಚೀಟಿಯಲ್ಲಿ ತೋರಿಸಿ ಕೇಳಿ. ‘ಆಯ್ತು’ ಅಂದರೆ ಸಾಲದು.